ಪಬ್‌ಮೆಡ್‌ನಲ್ಲಿ ಇದ್ದ ಮಾತ್ರಕ್ಕೆ ಎಲ್ಲವೂ ನಿಜವೇ? ಅದಕ್ಕೆ ಅಡಿಪಾಯ ಹಾಕಿದ ವೈದ್ಯನ ಕಥೆ ಓದಿ

ಯಾವುದೋ ಮನೆಮದ್ದಿನಿಂದ ದೊಡ್ಡ ಕಾಯಿಲೆ ವಾಸಿಯಾಗುತ್ತದೆ ಎಂಬ ವಾಟ್ಸಾಪ್ ಸಂದೇಶ, ಕೆಳಗೆ ಒಂದು ಪಬ್‌ಮೆಡ್ ಲಿಂಕ್. ಅಮೆರಿಕ ಸರ್ಕಾರದ ವೆಬ್‌ಸೈಟ್‌ನಲ್ಲೇ ಇದೆ, ಇನ್ನೇನು ಸಾಕ್ಷಿ ಬೇಕು ಎಂದು ಕೇಳುವವರನ್ನು ನೀವೂ ನೋಡಿರಬಹುದು. ಲಿಂಕ್ ಅಸಲಿಯೇ ಇರುತ್ತದೆ. ಹಾಗಾದರೆ ಸಂದೇಶವೂ ಅಸಲಿಯೇ? ಉತ್ತರಕ್ಕೆ ಜಾನ್ ಶಾ ಬಿಲ್ಲಿಂಗ್ಸ್ ಅವರ ಬದುಕನ್ನು ನೋಡಬೇಕು.

ಬಿಲ್ಲಿಂಗ್ಸ್ ಹುಟ್ಟಿದ್ದು 1838ರಲ್ಲಿ, ಅಮೆರಿಕದ ಇಂಡಿಯಾನಾ ರಾಜ್ಯದಲ್ಲಿ. ಸಿನ್ಸಿನಾಟಿಯಲ್ಲಿ ವೈದ್ಯಕೀಯ ಓದಿ 1860ರಲ್ಲಿ ಪದವಿ ಪಡೆದರು. ಪದವಿಗಾಗಿ ಅವರು ಬರೆದ ಪ್ರಬಂಧದ ವಿಷಯ ಮೂರ್ಛೆರೋಗಕ್ಕೆ ಶಸ್ತ್ರಚಿಕಿತ್ಸೆ. ಈ ಹಿಂದೆ ಎಷ್ಟು ಜನರಿಗೆ ಇಂಥ ಚಿಕಿತ್ಸೆ ಮಾಡಿದ್ದಾರೆ, ಫಲ ಏನಾಯಿತು ಎಂದು ತಿಳಿಯಲು ತಿಂಗಳುಗಟ್ಟಲೆ ಹುಡುಕಿದರು. ಪುಸ್ತಕ ಒಂದು ಊರಿನಲ್ಲಿ, ಪತ್ರಿಕೆ ಇನ್ನೊಂದು ಊರಿನಲ್ಲಿ. ಎಲ್ಲವೂ ಒಂದೇ ಕಡೆ ಸಿಗುವ ಗ್ರಂಥಾಲಯ ಇಡೀ ಅಮೆರಿಕದಲ್ಲಿ ಇರಲಿಲ್ಲ. ಯಾವ ಲೇಖನ ಎಲ್ಲಿದೆ ಎಂದು ಹೇಳುವ ಸರಿಯಾದ ಪಟ್ಟಿಯೂ ಇರಲಿಲ್ಲ. ಆ ಪರದಾಟ ಅವರಿಗೆ ಕೊನೆಯವರೆಗೂ ಮರೆಯಲಿಲ್ಲ.

ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಯಿತು. ಬಿಲ್ಲಿಂಗ್ಸ್ ಸೇನೆಯ ಸರ್ಜನ್ ಆಗಿ ಗೆಟಿಸ್‌ಬರ್ಗ್ ಕದನದಲ್ಲೂ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟರು. ಯುದ್ಧ ಮುಗಿದ ಮೇಲೆ ವಾಷಿಂಗ್ಟನ್‌ನಲ್ಲಿದ್ದ ಸೇನಾ ವೈದ್ಯಾಧಿಕಾರಿಯ ಕಚೇರಿಯ ಚಿಕ್ಕ ಗ್ರಂಥಾಲಯ ಅವರ ಕೈಗೆ ಬಂತು. ಯುದ್ಧಕಾಲದ ಆಸ್ಪತ್ರೆಗಳಲ್ಲಿ ಉಳಿದಿದ್ದ ಸುಮಾರು 80,000 ಡಾಲರ್ ಹಣವೂ ಅದಕ್ಕೆ ಸಿಕ್ಕಿತು. ಅಧ್ಯಕ್ಷ ಲಿಂಕನ್ ಅವರಿಗೆ ಗುಂಡು ಹಾರಿಸಿದ್ದ ಫೋರ್ಡ್ಸ್ ಥಿಯೇಟರ್ ಕಟ್ಟಡದಲ್ಲೇ ಆ ಗ್ರಂಥಾಲಯ ಬೆಳೆಯಿತು. 1895ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ಅಲ್ಲಿ ಲಕ್ಷಕ್ಕೂ ಹೆಚ್ಚು ಪುಸ್ತಕಗಳಿದ್ದವು.

ಪುಸ್ತಕ ಕೂಡಿಸಿದರೆ ಸಾಲದು, ಬೇಕಾದಾಗ ಸಿಗಬೇಕಲ್ಲವೇ? ಬಿಲ್ಲಿಂಗ್ಸ್ ಪತ್ರಿಕೆಗಳನ್ನು ಓದಿ ಮುಖ್ಯ ಲೇಖನಗಳಿಗೆ ಗುರುತು ಹಾಕುತ್ತಿದ್ದರು, ಗುಮಾಸ್ತರು ಅವನ್ನು ಕಾರ್ಡುಗಳ ಮೇಲೆ ಬರೆಯುತ್ತಿದ್ದರು. ಸಹೋದ್ಯೋಗಿ ರಾಬರ್ಟ್ ಫ್ಲೆಚರ್ ಜೊತೆ 1879ರಲ್ಲಿ ಇಂಡೆಕ್ಸ್ ಮೆಡಿಕಸ್ ಎಂಬ ಮಾಸಿಕ ಪಟ್ಟಿ ಆರಂಭಿಸಿದರು. 1880ರಿಂದ 1895ರವರೆಗೆ ಲೇಖಕರ ಹೆಸರು ಮತ್ತು ವಿಷಯದ ಪ್ರಕಾರ ಜೋಡಿಸಿದ ಸೂಚಿಯ 16 ಸಂಪುಟಗಳು ಬಂದವು. ನಂತರ ಅವರು ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದ ಮೊದಲ ನಿರ್ದೇಶಕರಾದರು, 1913ರಲ್ಲಿ ತೀರಿಕೊಂಡರು.

ಅವರ ಪಟ್ಟಿಯ ಕೆಲಸ 1964ರಲ್ಲಿ ಕಂಪ್ಯೂಟರಿಗೆ ಬಂತು. 1971ರಲ್ಲಿ ಮೆಡ್‌ಲೈನ್, 1996ರಲ್ಲಿ ಪಬ್‌ಮೆಡ್ ಆಯಿತು. ಇಂದು ಅದರಲ್ಲಿ 3.5 ಕೋಟಿಗೂ ಹೆಚ್ಚು ಲೇಖನಗಳ ವಿವರವಿದೆ, ನಿಮ್ಮ ಮೊಬೈಲ್‌ನಲ್ಲೂ ಉಚಿತವಾಗಿ ನೋಡಬಹುದು.

ಈಗ ಮುಖ್ಯ ವಿಷಯ. 1881ರಲ್ಲಿ ಲಂಡನ್ನಿನ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಬಿಲ್ಲಿಂಗ್ಸ್ ವೈದ್ಯಕೀಯ ಬರಹಗಳಲ್ಲಿ ಕೆಲಸಕ್ಕೆ ಬಾರದ್ದು ರಾಶಿರಾಶಿ ಇದೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವರ ಪಟ್ಟಿ ಲೇಖನ ಎಲ್ಲಿದೆ ಎಂದು ತೋರಿಸುತ್ತಿತ್ತೇ ಹೊರತು ಅದು ಸರಿಯೆಂದು ಸರ್ಟಿಫಿಕೇಟ್ ಕೊಡುತ್ತಿರಲಿಲ್ಲ. ಪಬ್‌ಮೆಡ್ ಕೂಡ ಅಷ್ಟೇ. ಅದನ್ನು ನಡೆಸುವ ಗ್ರಂಥಾಲಯ ಪ್ರತಿ ಲೇಖನದ ತೀರ್ಮಾನವನ್ನು ಪರೀಕ್ಷಿಸುವುದಿಲ್ಲ. ತಪ್ಪೆಂದು ಹಿಂಪಡೆದ ಲೇಖನಗಳೂ ಆ ಸೂಚನೆಯೊಂದಿಗೆ ಅಲ್ಲೇ ಉಳಿದಿರುತ್ತವೆ.

ಹಾಗಾದರೆ ಹುಡುಕುವುದು ಹೇಗೆ? ಪಿಎಚ್‌ಡಿ ಮಾಡುವವರು ಮೊದಲು ಕಲಿಯುವ ಪಾಠ ನಮಗೂ ಸಾಕು. ಒಂದೇ ಕಾಯಿಲೆಗೆ ಹಲವು ಹೆಸರುಗಳಿರುತ್ತವೆ. ಹಾರ್ಟ್ ಅಟ್ಯಾಕ್ ಅನ್ನು ವೈದ್ಯರು ಮಯೋಕಾರ್ಡಿಯಲ್ ಇನ್‌ಫಾರ್ಕ್ಷನ್ ಎನ್ನುತ್ತಾರೆ. ಅದಕ್ಕಾಗಿಯೇ ಪಬ್‌ಮೆಡ್‌ನಲ್ಲಿ ಮೆಶ್ ಎಂಬ ವಿಷಯಪದಗಳ ಪಟ್ಟಿ ಇದೆ. ಒಂದೇ ಅರ್ಥದ ಹೆಸರುಗಳ ನಡುವೆ ಆರ್, ಕಾಯಿಲೆ ಮತ್ತು ಔಷಧಿಯ ನಡುವೆ ಆಂಡ್ ಎಂದು ಇಂಗ್ಲಿಷ್ ದೊಡ್ಡಕ್ಷರದಲ್ಲಿ ಹಾಕಿ. ನಂತರ ಸಿಸ್ಟಮ್ಯಾಟಿಕ್ ರಿವ್ಯೂ ಎಂಬ ಫಿಲ್ಟರ್ ಒತ್ತಿ. ಒಂದು ಪ್ರಶ್ನೆಯ ಬಗ್ಗೆ ನಡೆದ ಅಧ್ಯಯನಗಳನ್ನು ಕ್ರಮವಾಗಿ ಹುಡುಕಿ ತೂಗಿ ನೋಡಿದ ಲೇಖನಗಳು ಸಿಗುತ್ತವೆ.

ಮುಂದಿನ ಸಲ ಲಿಂಕ್ ಬಂದರೆ ತೆರೆದು ನೋಡಿ. ಪ್ರಯೋಗ ಮಾಡಿದ್ದು ಮನುಷ್ಯರ ಮೇಲೋ, ಇಲಿಗಳ ಮೇಲೋ, ಗಾಜಿನ ತಟ್ಟೆಯ ಜೀವಕೋಶಗಳ ಮೇಲೋ? ಎಷ್ಟು ಜನರ ಮೇಲೆ? ಬೇರೆ ಅಧ್ಯಯನಗಳು ಏನು ಹೇಳುತ್ತವೆ? ಇದು ತಿಳಿಯುವವರೆಗೆ ಆ ಸಂದೇಶವನ್ನು ಫಾರ್ವರ್ಡ್ ಮಾಡಬೇಡಿ, ಅದನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಲೂಬೇಡಿ.