ಜೊತೆಗಾರರ ತಪ್ಪು ಹಿಡಿದ ಏಡಾ

ಏಡಾ ಲವ್‌ಲೇಸ್ 1815ರಲ್ಲಿ ಲಂಡನ್ನಿನಲ್ಲಿ ಜನಿಸಿದರು. ತಂದೆ ಕವಿ ಬೈರನ್. ತಾಯಿ ಮಗಳಿಗೆ ಗಣಿತದ ಪಾಠ ಹೇಳಿಸಿದರು. 17ನೇ ವಯಸ್ಸಿನಲ್ಲಿ ಏಡಾಗೆ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ ಅವರ ಪರಿಚಯವಾಯಿತು.

ಬ್ಯಾಬೇಜ್ ಮುಂದೆ, ನಾನಾ ಬಗೆಯ ಲೆಕ್ಕ ಮಾಡಬಲ್ಲ ಯಂತ್ರವೊಂದನ್ನು ಯೋಜಿಸಿದರು. ಅದು ಕಠಿಣ ಲೆಕ್ಕವೊಂದನ್ನು ಹಂತ ಹಂತವಾಗಿ ಬಿಡಿಸುವ ಕ್ರಮವನ್ನು ಏಡಾ 1843ರಲ್ಲಿ ಪ್ರಕಟಿಸಿದರು. ಮೊದಲ ಕಂಪ್ಯೂಟರ್ ಪ್ರೋಗ್ರಾಂ ಇದೇ ಎಂದು ಹಲವರು ಹೇಳುತ್ತಾರೆ. ಅದರ ಬೀಜಗಣಿತವನ್ನು ಬ್ಯಾಬೇಜ್ ಬರೆದುಕೊಟ್ಟಿದ್ದರು. ಹಿರಿಯರು ಬರೆದದ್ದೆಂದು ಏಡಾ ಹಾಗೆಯೇ ಒಪ್ಪಲಿಲ್ಲ. ದೊಡ್ಡ ತಪ್ಪೊಂದನ್ನು ಹಿಡಿದು, ತಿದ್ದಲು ಹಿಂದಿರುಗಿಸಿದರು. ಬ್ಯಾಬೇಜ್ ಅದನ್ನು ಮುಚ್ಚಿಡದೆ ತಮ್ಮ ಆತ್ಮಕಥೆಯಲ್ಲಿ ಬರೆದರು.

ಏಡಾ 1852ರಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂದು ಸಾಫ್ಟ್‌ವೇರ್ ತಂಡಗಳಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಪರೀಕ್ಷಿಸುತ್ತಾರೆ. ಬರೆದವರಿಗೆ ಕಾಣದ ತಪ್ಪು ಜೊತೆಗಾರರ ಕಣ್ಣಿಗೆ ಬೀಳುತ್ತದೆ.