ಜೆಟ್ ದೋಣಿಯ ವಿಲಿಯಂ ಹ್ಯಾಮಿಲ್ಟನ್

ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಪ್ರತಿ ವರ್ಷವೂ ಒಬ್ಬಿಬ್ಬರು ಮಹನೀಯರ ಜೀವನಚರಿತ್ರೆಯು ಪ್ರಕಟವಾಗುವುದುಂಟು. ಕವಿಗಳು, ದೇಶಭಕ್ತರು, ಅರಸರು, ಸಾಧುಸಂತರು, ಇಂಥವರ ವಿಷಯವಾಗಿ ನನ್ನ ಹಿಂದಿನವರು ಸೊಗಸಾಗಿ ಬರೆದಿದ್ದಾರೆ. ನಾನು ಆರಿಸಿಕೊಂಡಿರುವವನು ಕುರಿ ಸಾಕಿಕೊಂಡಿದ್ದ ಒಬ್ಬ ಜಮೀನುದಾರ. ಆಳವಿಲ್ಲದ ಹೊಳೆಗಳಲ್ಲಿ ಸೆಳವಿಗೆ ಎದುರಾಗಿ ದೋಣಿಯನ್ನು ಹತ್ತಿಸಿದವನು. ಬಿ.ಎ. ಓದುವ ಹುಡುಗನಿಗೆ ಈ ಯಂತ್ರದವನ ಉಸಾಬರಿ ಏಕೆಂದು ಗುರುಗಳು ಕೇಳಬಹುದು. ಅದಕ್ಕೆ ಉತ್ತರವು ನಮ್ಮ ಹೊಲದ ಪಂಪಿನಲ್ಲಿದೆ. ಅದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇನೆ.

ವಿಲಿಯಂ ಹ್ಯಾಮಿಲ್ಟನ್ನನು 1899ನೆಯ ಇಸವಿ ಜುಲೈ 26ರಂದು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ ಹುಟ್ಟಿದನು. ಫೇರ್ಲಿ ಎಂಬ ಊರಿನ ಬಳಿಯ ಆಶ್‌ವಿಕ್ ಎಂಬುದು ಅವನ ತಂದೆಯ ಜಮೀನು. 1921ರಲ್ಲಿ, ಇಪ್ಪತ್ತೆರಡು ವರ್ಷದ ಪ್ರಾಯದಲ್ಲಿ, ಅವನು ಮೆಕೆಂಜಿ ಸೀಮೆಯ ಐರಿಷ್‌ಮನ್ ಕ್ರೀಕ್ ಎಂಬ ಜಮೀನನ್ನು ಕೊಂಡು ಅಲ್ಲಿಗೆ ಹೋಗಿ ನೆಲಸಿದನು. 1923ರಲ್ಲಿ ಪೆಗ್ಗಿ ಎಂಬಾಕೆಯನ್ನು ವಿವಾಹವಾದನು. ಆ ಸೀಮೆಯು ಎತ್ತರದ ಬಯಲು. ಬೆನ್ನಿಗೆ ಹಿಮದ ಪರ್ವತಗಳು, ಮುಂದೆ ಹುಲ್ಲುಗಾವಲು. ಪಟ್ಟಣವು ದೂರ, ನೆರೆಹೊರೆಯು ವಿರಳ. ಅಂಥಲ್ಲಿ ಏನಾದರೂ ಮುರಿದರೆ ತಾನೇ ಕೂಡಿಸಬೇಕು. ಏನಾದರೂ ಬೇಕಾದರೆ ತಾನೇ ಮಾಡಿಕೊಳ್ಳಬೇಕು.

ಹ್ಯಾಮಿಲ್ಟನ್ನನು ಯಾವ ಇಂಜಿನಿಯರಿಂಗ್ ವಿದ್ಯಾಲಯದ ಮೆಟ್ಟಿಲನ್ನೂ ಹತ್ತಿದವನಲ್ಲ. ಮನೆಗೂ ಕಾರ್ಯಾಗಾರಕ್ಕೂ ವಿದ್ಯುತ್ತು ಬೇಕೆನಿಸಿದಾಗ ತನ್ನ ಜಮೀನಿನ ಹಳ್ಳಕ್ಕೆ ಅಡ್ಡಕಟ್ಟೆ ಕಟ್ಟಲು ಹೊರಟನು. ಕಟ್ಟೆಗೆ ಮಣ್ಣು ಸಾಗಿಸುವುದು ಕಷ್ಟವಾಯಿತು. ಆಗ ಮಣ್ಣು ಬಾಚಿ ಒಯ್ಯುವ ಯಂತ್ರವೊಂದನ್ನು ತಾನೇ ರೂಪಿಸಿದನು. ಕಟ್ಟೆಯೂ ಆಯಿತು, ದೀಪವೂ ಹತ್ತಿತು. ಮಣ್ಣು ತೆಗೆಯುವ ಆ ಯಂತ್ರದಿಂದ ಒಂದು ಕಸುಬೂ ಹುಟ್ಟಿಕೊಂಡಿತು. ಒಂದು ಅಡಚಣೆಯನ್ನು ನಿವಾರಿಸಲು ಹೋಗಿ ಮತ್ತೊಂದು ಉಪಕರಣವನ್ನು ಕಂಡುಹಿಡಿಯುವುದು ಅವನ ಬಾಳಿನುದ್ದಕ್ಕೂ ಕಾಣುವ ರೀತಿ. ಮೋಟಾರು ಓಟದ ಹುಚ್ಚೂ ಅವನಿಗಿತ್ತು. 1930ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ಮೈದಾನದಲ್ಲಿ ತನ್ನ ಬೆಂಟ್ಲಿ ಕಾರನ್ನು ಓಡಿಸಿ ಸೈ ಎನಿಸಿಕೊಂಡನು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನ ಹಳ್ಳಿಗಾಡಿನ ಕಾರ್ಯಾಗಾರವು ಯುದ್ಧಸಾಮಗ್ರಿಯನ್ನು ತಯಾರಿಸಿತು. ಯುದ್ಧವು ಮುಗಿದ ಮೇಲೆ ಅವನ ಕಾರ್ಖಾನೆಯು ಕ್ರೈಸ್ಟ್‌ಚರ್ಚ್ ನಗರದಲ್ಲಿ ಬೆಳೆಯಿತು.

ಇಷ್ಟೆಲ್ಲ ಆದರೂ ಅವನ ಮನಸ್ಸಿನಲ್ಲಿ ಹಳೆಯ ಆಸೆಯೊಂದು ಉಳಿದೇ ಇದ್ದಿತು. ಅವನ ಸೀಮೆಯ ಹೊಳೆಗಳಲ್ಲಿ ದೋಣಿ ನಡೆಸುವುದೇ ಆ ಆಸೆ. ಹಿಮಗಡ್ಡೆ ಕರಗಿ ಇಳಿದು ಬರುವ ಆ ಹೊಳೆಗಳು ಹತ್ತಾರು ಕವಲಾಗಿ, ಹೆಣೆದ ಜಡೆಯಂತೆ ಹರಿಯುತ್ತವೆ. ನೀರಿನ ಸೆಳವು ಬಲು ಜೋರು. ಆಳ ಮಾತ್ರ ಎಷ್ಟೋ ಕಡೆ ಮೊಣಕಾಲಿಗೂ ಬಾರದು. ತಳದಲ್ಲೆಲ್ಲ ನುಣುಪಾದ ಗುಂಡುಕಲ್ಲು. ಸಾಮಾನ್ಯವಾದ ಮೋಟಾರು ದೋಣಿಯಲ್ಲಿ ರೆಕ್ಕೆಚಕ್ರವು ತಳದಿಂದ ಕೆಳಕ್ಕೆ ಇಳಿಬಿದ್ದಿರುತ್ತದೆ. ಅದು ಕಲ್ಲಿಗೆ ತಗಲಿದರೆ ಮುರಿಯಿತೆಂದೇ ಅರ್ಥ.

ಐವತ್ತು ದಾಟಿದ ಮೇಲೆ ಹ್ಯಾಮಿಲ್ಟನ್ನನು ಈ ಕೆಲಸಕ್ಕೆ ಕೈಹಾಕಿದನು. ಅಮೆರಿಕದಲ್ಲಿ ಹ್ಯಾನ್ಲಿ ಹೈಡ್ರೋಜೆಟ್ ಎಂಬ ಸಾಧನವೊಂದಿತ್ತು. ಅದು ನೀರನ್ನು ಒಳಕ್ಕೆಳೆದು, ದೋಣಿಯ ತಳದ ಕೆಳಗಿನಿಂದ ಹೊರಕ್ಕೆ ಚಿಮ್ಮಿಸುತ್ತಿತ್ತು. ಆ ಮಾದರಿಯನ್ನು ಅನುಸರಿಸಿ 1953ರಲ್ಲಿ ಅವನು ಹನ್ನೆರಡು ಅಡಿಯ ಪ್ಲೈವುಡ್ ದೋಣಿಯೊಂದಕ್ಕೆ ಫೋರ್ಡ್ ಇಂಜಿನನ್ನು ಕೂರಿಸಿದನು. ದೋಣಿಯೇನೋ ನಡೆಯಿತು, ಆದರೆ ಗಂಟೆಗೆ 11 ಮೈಲಿ ಮಾತ್ರ. ಅಷ್ಟು ವೇಗದಿಂದ ಆ ಹೊಳೆಗಳನ್ನು ಏರಲಾಗದು. ಆಗ ಅವನ ಕೆಲಸಗಾರನೊಬ್ಬನು, ನೀರನ್ನು ತಳದ ಕೆಳಗೆ ಬಿಡುವ ಬದಲು ದೋಣಿಯ ಹಿಂಬದಿಯಿಂದ, ನೀರಿನ ಮಟ್ಟಕ್ಕಿಂತ ತುಸು ಮೇಲೆ ಚಿಮ್ಮಿಸಿ ನೋಡಬಾರದೇಕೆಂದು ಸೂಚಿಸಿದನು. ಯಜಮಾನನು ಆ ಮಾತನ್ನು ತಳ್ಳಿಹಾಕಲಿಲ್ಲ. ಹಾಗೆಯೇ ಮಾಡಲಾಗಿ ವೇಗವು ಗಂಟೆಗೆ 17 ಮೈಲಿಗೆ ಏರಿತು. ದೋಣಿಯ ತಳದಲ್ಲಿ ಈಗ ತೊಡರುವಂಥದು ಏನೂ ಉಳಿಯಲಿಲ್ಲ. ಬಾಳುವ ಕಾರ್ಯಾಗಾರದಲ್ಲಿ ಆಳಿನ ಮಾತಿಗೂ ಬೆಲೆಯಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ನನಗೆ ಕಾಣದು. ಮುಂದಿನ ಕೆಲವು ವರ್ಷಗಳಲ್ಲಿ ಅವನು ತನ್ನ ಯಂತ್ರವನ್ನು ತಿದ್ದುತ್ತ ಹೋದನು. ಕ್ವಿನಾಟ್, ರೇನ್‌ಬೋ, ಚಿನೂಕ್ ಎಂದು ಅವುಗಳಿಗೆ ಮೀನುಗಳ ಹೆಸರನ್ನಿಟ್ಟನು.

ಈ ಯಂತ್ರದ ಗುಟ್ಟು ಸರಳವಾದದ್ದು. ತಳದಲ್ಲಿ ಸರಳುಗಳ ಜಾಲರಿಯುಳ್ಳ ಒಂದು ಬಾಯಿ. ಅದರ ಮೂಲಕ ನೀರು ಒಳಗೆ ಬರುತ್ತದೆ. ಇಂಜಿನಿಗೆ ಕೂಡಿಸಿದ ಇಂಪೆಲ್ಲರ್ ಎಂಬ ಅಲಗಿನ ಚಕ್ರವು ಗಿರ್ರನೆ ತಿರುಗಿ ಆ ನೀರಿಗೆ ಒತ್ತಡವನ್ನು ಕೊಡುತ್ತದೆ. ಹಿಂಬದಿಯ ಕಿರಿದಾದ ಮೂತಿಯಿಂದ ನೀರು ರಭಸವಾಗಿ ಹಿಂದಕ್ಕೆ ಹಾರಿದರೆ ದೋಣಿಯು ಮುಂದಕ್ಕೆ ನೂಕಲ್ಪಡುತ್ತದೆ. ಹೈಸ್ಕೂಲಿನಲ್ಲಿ ನಾವು ಬಾಯಿಪಾಠ ಮಾಡಿದ ನ್ಯೂಟನ್ನನ ಮೂರನೆಯ ನಿಯಮವೇ ಇದು. ಆ ಧಾರೆಯನ್ನು ಎಡಬಲಕ್ಕೆ ತಿರುಗಿಸಿದರೆ ದೋಣಿಯೂ ತಿರುಗುತ್ತದೆ. ಬೇರೆ ಚುಕ್ಕಾಣಿಯೇ ಬೇಕಿಲ್ಲ.

ಆದರೆ ನೀರನ್ನು ಕುಡಿದು ಬದುಕುವ ಯಂತ್ರವು ನೀರಿನೊಡನೆ ಬಂದ ಕಸವನ್ನೂ ನುಂಗಬೇಕಾಗುತ್ತದೆ. ತೆಳುನೀರಿನಲ್ಲಿ ದೋಣಿಯು ಹಾಯುವಾಗ ಬಾಯಿಯು ತಳದ ಸಣ್ಣ ಕಲ್ಲುಗಳನ್ನು ಎಳೆದುಕೊಳ್ಳುತ್ತದೆ. ಜೊಂಡು, ಬೇರು, ಕಡ್ಡಿ, ಹಗ್ಗದ ಚೂರು, ಯಾವುದೂ ಬರಬಹುದು. ಜಾಲರಿಗೆ ಜೊಂಡು ಹೊದ್ದುಕೊಂಡರೆ ಇಂಜಿನಿನ ಸದ್ದು ಏರುತ್ತದೆ, ದೋಣಿಯು ಮಾತ್ರ ಮುಂದೆ ಹೋಗದು. ಅಲಗಿಗೂ ಕವಚಕ್ಕೂ ನಡುವೆ ಕಲ್ಲು ಸಿಕ್ಕಿಕೊಂಡರೆ ದೋಣಿಯೆಲ್ಲ ನಡುಗುತ್ತದೆ, ಕೆಲವೊಮ್ಮೆ ಇಂಜಿನೇ ನಿಂತುಹೋಗುತ್ತದೆ. ಧಾರೆಯು ನಿಂತಿತೆಂದರೆ ದೋಣಿಗೆ ವೇಗವೂ ಇಲ್ಲ, ದಿಕ್ಕೂ ಇಲ್ಲ. ಹೊಳೆಯು ಒಯ್ದತ್ತ ಹೋಗಬೇಕು. ಆದುದರಿಂದ ನುರಿತ ಚಾಲಕನು ಸದ್ದಿನಲ್ಲಿ ವ್ಯತ್ಯಾಸವು ಕೇಳಿಸಿದೊಡನೆಯೇ ದಡಕ್ಕೆ ಸರಿಯುತ್ತಾನೆ. ಇಂಜಿನಿನ ಓಟವನ್ನು ತಗ್ಗಿಸಿದರೆ ಸೆಳೆತವು ಸಡಿಲವಾಗಿ ಕಸವು ತಾನೇ ಉದುರಿಬೀಳುವುದೂ ಉಂಟು. ಉದುರದಿದ್ದರೆ ದೋಣಿಯನ್ನು ಕಟ್ಟಿ, ಇಂಜಿನನ್ನು ನಿಲ್ಲಿಸಿ, ಬೀಗದ ಕೈಯನ್ನು ಕಿತ್ತು ತನ್ನ ಜೇಬಿನಲ್ಲಿ ಇಟ್ಟುಕೊಳ್ಳುತ್ತಾನೆ. ಆ ಬಳಿಕವೇ ಯಂತ್ರದ ಮೇಲಿರುವ ಮುಚ್ಚಳವನ್ನು ತೆಗೆದು ಒಳಗೆ ಕೈಯಿಡುವುದು. ಅಚ್ಚಿಗೆ ಸುತ್ತಿದ ಜೊಂಡನ್ನು ಸುತ್ತಿಕೊಂಡ ದಿಕ್ಕಿಗೆ ಎದುರಾಗಿ ಬಿಡಿಸಬೇಕು. ಸಿಕ್ಕಿದ ಕಲ್ಲನ್ನು ಬಡಿದು ತೆಗೆಯಬಾರದು. ಚಕ್ರವನ್ನು ಮೆಲ್ಲಗೆ ಹಿಂದಕ್ಕೆ ತಿರುಗಿಸಿ ಸಡಿಲಿಸಬೇಕು. ಅಲಗಿನ ಅಂಚು ಕಚ್ಚುಬಿದ್ದಿದೆಯೇ ಎಂದು ಬೆರಳಾಡಿಸಿ ನೋಡಿ, ಮುಚ್ಚಳವನ್ನು ಭದ್ರವಾಗಿ ಬಿಗಿಯಬೇಕು. ಹತ್ತು ನಿಮಿಷದ ಕೆಲಸ. ಈ ಎಲ್ಲದರಲ್ಲಿ ಬೀಗದ ಕೈಯನ್ನು ಜೇಬಿಗೆ ಹಾಕುವ ಕ್ಷಣವೊಂದೇ ಮನುಷ್ಯನ ಕೈಯನ್ನು ಕಾಯುವಂಥದು.

ಈ ಮಾತನ್ನು ಓದಿದಾಗ ನಾನು ಪುಸ್ತಕವನ್ನು ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆನು.

ನಮ್ಮ ಹೊಲವು ತುಂಗಭದ್ರೆಯ ದಂಡೆಯಲ್ಲಿದೆ. ಹೊಳೆಯಿಂದ ನೀರೆತ್ತಲು ಒಂದು ಪಂಪಿದೆ. ಮಳೆಗಾಲವು ಮುಗಿದ ಮೇಲೆ ಅಂತರಗಂಗೆ, ಜೊಂಡು, ಕೊಳೆತ ಕಬ್ಬಿನ ರವದಿ ಎಲ್ಲವೂ ತೇಲಿಬಂದು ಪೈಪಿನ ಬಾಯಿಯನ್ನು ಮುತ್ತುತ್ತವೆ. ಫುಟ್‌ವಾಲ್ವಿನ ಜಾಲರಿಯು ಹರಿದಿದ್ದರೆ ಕಸವು ನೇರವಾಗಿ ಇಂಪೆಲ್ಲರಿಗೆ ಹೋಗಿ ಕೂರುತ್ತದೆ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಹಾಗೆಯೇ ಆಯಿತು. ಕರೆಂಟು ಹೋಗಿತ್ತು. ಇದೇ ಸಮಯವೆಂದು ನಮ್ಮ ತಂದೆಯವರು ಪಂಪನ್ನು ಬಿಚ್ಚಿ ಕಸ ತೆಗೆಯಲು ಕುಳಿತರು. ಫ್ಯೂಸನ್ನು ತೆಗೆಯಲು ನೆನಪಾಗಲಿಲ್ಲ. ರಾತ್ರಿ ವೇಳೆಯಲ್ಲಿ ಕರೆಂಟು ಬಂದಾಗ ಎದ್ದು ಹೋಗುವ ತೊಂದರೆ ತಪ್ಪಲೆಂದು ಪಂಪು ತಾನೇ ಶುರುವಾಗುವ ಸ್ಟಾರ್ಟರನ್ನು ಅವರೇ ಹಾಕಿಸಿದ್ದರು. ಲಾಟೀನು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದವನು ನಾನು. ಇದ್ದಕ್ಕಿದ್ದಂತೆ ಕರೆಂಟು ಬಂದಿತು. ಅವರ ಬಲಗೈಯ ಎರಡು ಬೆರಳುಗಳ ತುದಿಗಳು ಹೋದವು.

ಆಸ್ಪತ್ರೆಯಿಂದ ಬಂದ ಮೇಲೆ ತಂದೆಯವರು ಒಂದು ನಿಶ್ಚಯವನ್ನು ಮಾಡಿದರು. ನಾನು ಓದಬೇಕು, ನನ್ನ ಕೈಯು ಯಂತ್ರದೊಳಕ್ಕೆ ಹೋಗಕೂಡದು. ನಮ್ಮ ಮನೆತನದಲ್ಲಿ ಕಾಲೇಜನ್ನು ಕಂಡವನು ನಾನೇ ಮೊದಲಿಗ. ಪಂಪು ಕೆಟ್ಟಾಗ ನಾನು ಹತ್ತಿರ ಹೋದರೂ ಅವರು ಗದರಿಸುತ್ತಿದ್ದರು. ನಾನೂ ಕ್ರಮೇಣ ಹೋಗುವುದನ್ನು ಬಿಟ್ಟೆನು. ಒಂದು ಸಂಗತಿಯನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಮೊದಲ ವರ್ಷ ಶುಲ್ಕ ಕಟ್ಟಲು ಅವರು ನನ್ನೊಡನೆ ಬಂದಾಗ, ಗುಮಾಸ್ತರ ಮುಂದೆ ಅವರು ನೋಟು ಎಣಿಸುವ ಆ ಕೈಯನ್ನು ಗೆಳೆಯರು ನೋಡಿಯಾರೆಂದು ನನಗೆ ಸಂಕೋಚವಾಯಿತು. ಹಣವನ್ನು ಇಸಿದುಕೊಂಡು ನಾನೇ ಎಣಿಸಿ ಕೊಟ್ಟೆನು. ಅವರು ಕೈಯನ್ನು ಪಂಚೆಯ ಮಡಿಕೆಯಲ್ಲಿ ಮರೆಮಾಡಿಕೊಂಡರು. ಅವರಿಗೆ ತಿಳಿಯಿತೆಂದೇ ನನ್ನ ಭಾವನೆ.

ಹ್ಯಾಮಿಲ್ಟನ್ನನ ಕಥೆಗೆ ಹಿಂತಿರುಗುತ್ತೇನೆ. 1960ರಲ್ಲಿ ಅವನ ದೋಣಿಗಳು ಅಮೆರಿಕದ ಕೊಲರಾಡೋ ನದಿಯಲ್ಲಿ, ಗ್ರ್ಯಾಂಡ್ ಕ್ಯಾನ್ಯನ್ ಕಮರಿಯ ಮೂಲಕ ಪ್ರವಾಹಕ್ಕೆ ಎದುರಾಗಿ ಏರಿದವು. ಅದುವರೆಗೆ ಯಾರೂ ಮಾಡದಿದ್ದ ಸಾಹಸವದು. ದೋಣಿಯನ್ನು ನಡೆಸಿದವರಲ್ಲಿ ಮುಖ್ಯನಾದವನು ಅವನ ಮಗ ಜಾನ್. 1977ರಲ್ಲಿ ಎವರೆಸ್ಟ್ ವೀರ ಎಡ್ಮಂಡ್ ಹಿಲರಿಯು ಮೂರು ಜೆಟ್ ದೋಣಿಗಳೊಡನೆ ಗಂಗಾಸಾಗರದಿಂದ ಹೊರಟು, ಗಂಗೆಯನ್ನು ಏರುತ್ತ ಹಿಮಾಲಯದ ನಂದಪ್ರಯಾಗದವರೆಗೆ ಬಂದನು. ಅಲ್ಲಿ ಜಲಪಾತವೊಂದು ದೋಣಿಗಳನ್ನು ತಡೆಯಿತು. ಆ ಯಾತ್ರೆಯಲ್ಲಿಯೂ ಜಾನ್ ಹ್ಯಾಮಿಲ್ಟನ್ನನಿದ್ದನು. ಹಿಲರಿಯ ಈ ಯಾತ್ರೆಯ ವಿಷಯವಾಗಿ ಓದಲು ಹೋಗಿಯೇ ನನಗೆ ಈ ತಂದೆಮಕ್ಕಳ ಪರಿಚಯವಾದದ್ದು. ತಂದೆಯು ಹಳ್ಳಿಯ ಕಾರ್ಯಾಗಾರದಲ್ಲಿ ಎಣ್ಣೆಮೆತ್ತಿದ ಕೈಯಿಂದ ಮಾಡಿದ್ದನ್ನು ಮಗನು ಗಂಗೆಯ ಮೇಲೆ ನಡೆಸಿಕೊಂಡು ಬಂದನಲ್ಲಾ ಎಂಬುದೇ ನನ್ನ ಮನಸ್ಸನ್ನು ಹಿಡಿದದ್ದು.

1974ರಲ್ಲಿ ಹ್ಯಾಮಿಲ್ಟನ್ನನಿಗೆ ಸರ್ ಪದವಿಯು ದೊರೆಯಿತು. ಆದರೂ ಜೆಟ್ ದೋಣಿಯನ್ನು ಕಂಡುಹಿಡಿದವನು ತಾನೆಂದು ಅವನು ಹೇಳಿಕೊಳ್ಳಲಿಲ್ಲ. ನೀರೆತ್ತುವ ತಿರುಪನ್ನು ಲೋಕಕ್ಕೆ ಕೊಟ್ಟ ಪ್ರಾಚೀನ ಗ್ರೀಕರ ಆರ್ಕಿಮಿಡೀಸನಿಗೆ ಆ ಕೀರ್ತಿಯು ಸಲ್ಲಬೇಕೆಂಬುದು ಅವನ ಅಭಿಪ್ರಾಯವಾಗಿತ್ತು. 1978ನೆಯ ಮಾರ್ಚ್ 30ರಂದು ಕ್ರೈಸ್ಟ್‌ಚರ್ಚ್‌ನಲ್ಲಿ ಅವನು ತೀರಿಕೊಂಡನು. ಅವನ ಹೆಸರಿನ ಯಂತ್ರಗಳು ಇಂದಿಗೂ ಅಲ್ಲಿಯೇ ತಯಾರಾಗುತ್ತಿವೆ.

ಕೈ ಕೆಸರಾದರೆ ಬಾಯಿ ಮೊಸರು ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಬಾಯಿಗೆ ಮೊಸರು ಬಂದ ಮೇಲೆ ಕೆಸರಿನ ಕೈಯನ್ನು ಮರೆಯುವುದು ಎಷ್ಟು ಸುಲಭವೆಂಬುದನ್ನು ಆ ಗಾದೆಯು ಹೇಳುವುದಿಲ್ಲ. ಹೊಳೆಯಲ್ಲಿ ಕಸವು ಇದ್ದೇ ಇರುತ್ತದೆ. ಯಂತ್ರವು ಅದನ್ನು ನುಂಗುತ್ತದೆ, ಯಾರಾದರೂ ಕೈಯಿಟ್ಟು ತೆಗೆಯಲೇಬೇಕು. ಓದಿದವನು ಮಾಡಬೇಕಾದದ್ದು ಆ ಕೈಗೆ ಅಪಾಯವಾಗದಂತೆ ನೋಡುವುದು.

ಈ ದಸರೆಯ ರಜೆಯಲ್ಲಿ ಊರಿಗೆ ಹೋದಾಗ ಪಂಪಿಗೆ ಮತ್ತೆ ಕಸ ಸಿಕ್ಕಿತು. ತಂದೆಯವರು ಎಂದಿನಂತೆ ನನ್ನನ್ನು ಹಿಂದಕ್ಕೆ ಕಳುಹಿಸಲು ನೋಡಿದರು. ನಾನು ಹೋಗಲಿಲ್ಲ. ಮೊದಲು ಸ್ಟಾರ್ಟರನ್ನು ಆರಿಸಿ, ಮೂರೂ ಫ್ಯೂಸುಗಳನ್ನು ಕಿತ್ತು ಅವರ ಅಂಗಿಯ ಜೇಬಿಗೆ ಹಾಕಿದೆನು. ಆಮೇಲೆ ಇಬ್ಬರೂ ಕೂಡಿ ಪಂಪನ್ನು ಬಿಚ್ಚಿದೆವು. ಒಂದು ಹಿಡಿ ಅಂತರಗಂಗೆಯ ಬೇರು, ಎರಡು ನೊರಜುಗಲ್ಲು ಹೊರಬಂದವು. ಹೊಸ ಜಾಲರಿಯನ್ನು ಕಟ್ಟಿದೆವು. ನೀರು ಬಂದಾಗ ತಂದೆಯವರು ಆ ಕೈಯನ್ನೇ ಧಾರೆಗೆ ಒಡ್ಡಿ ತೊಳೆದುಕೊಂಡರು. ನಾನೂ ಪಕ್ಕದಲ್ಲಿ ಕೈಯೊಡ್ಡಿದೆನು.