ತಪ್ಪು ಪುಸ್ತಕ ಸಿಕ್ಕಿ ಜಾದೂಗಾರನಾದವನು

ಇಸ್ಪೀಟ್ ಎಲೆಗಳಲ್ಲಿ ಜಾದೂ ಕಲೀಬೇಕು, ಮೊದಲು ಯಾವ ಪುಸ್ತಕ ತಗೊಳ್ಳೋದು? ಹಾಸ್ಟೆಲ್ ರೂಮಿನಲ್ಲಿ ಒಂದು ಪ್ಯಾಕ್ ಹಿಡಿದು ಕೂತವರಿಗೆಲ್ಲ ಈ ಪ್ರಶ್ನೆ ಬಂದೇ ಬರುತ್ತೆ. ಸುಮಾರು ಇನ್ನೂರು ವರ್ಷದ ಹಿಂದೆ ಫ್ರಾನ್ಸಿನ ಒಬ್ಬ ಹುಡುಗನಿಗೆ ಈ ಪ್ರಶ್ನೆ ಕೇಳಿಕೊಳ್ಳುವ ಅವಕಾಶವೇ ಸಿಗಲಿಲ್ಲ. ಅವನ ಮೊದಲ ಪುಸ್ತಕವನ್ನು ಆರಿಸಿಕೊಟ್ಟದ್ದು ಅಂಗಡಿಯವನ ಗಡಿಬಿಡಿ.

ಹುಡುಗನ ಹೆಸರು ಜೀನ್ ಯೂಜೀನ್ ರಾಬರ್ಟ್. ಮುಂದೆ ಜಗತ್ತು ಅವನನ್ನು ರಾಬರ್ಟ್-ಹೂಡಿನ್ ಅಂತ ಕರೆಯಿತು. ಫ್ರೆಂಚರ ಬಾಯಲ್ಲಿ ಅದು ರೊಬೇರ್ ಊದಾಂ, ಆದರೆ ನಮಗೆ ರೂಢಿ ಇರೋ ಉಚ್ಚಾರಣೆಯೇ ಇರಲಿ ಬಿಡಿ. ಬೇಡಿ ಹಾಕಿಸಿಕೊಂಡು ಬಿಡಿಸಿಕೊಳ್ಳುತ್ತಿದ್ದ ಅಮೆರಿಕದ ಹೂಡಿನಿ ಬೇರೆ, ಇವನು ಬೇರೆ. ಆ ಹೂಡಿನಿ ತನ್ನ ಹೆಸರು ಕಟ್ಟಿಕೊಂಡಿದ್ದೇ ಇವನ ಹೆಸರಿನಿಂದ. ದೊಡ್ಡವನಾದ ಮೇಲೆ 1908ರಲ್ಲಿ ಇವನನ್ನೇ ಹಳಿದು ಒಂದು ಪುಸ್ತಕ ಬರೆದ ಅನ್ನೋದು ಬೇರೆ ಮಾತು.

ರಾಬರ್ಟ್ ಹುಟ್ಟಿದ್ದು 1805ರ ಡಿಸೆಂಬರ್‌ನಲ್ಲಿ, ಲ್ವಾರ್ ನದಿಯ ದಡದ ಬ್ಲ್ವಾ ಎಂಬ ಊರಿನಲ್ಲಿ. ಅಪ್ಪ ಗಡಿಯಾರ ಮಾಡುವವನು. ಮಗನೂ ಅದೇ ಅಂಗಡಿಯಲ್ಲಿ ಕೂರೋದು ಅಪ್ಪನಿಗೆ ಇಷ್ಟವಿರಲಿಲ್ಲ. ಓದಿ ಮುಂದೆ ಬರಲಿ ಅಂತ ಓರ್ಲಿಯಾನ್ಸ್‌ಗೆ ಕಳಿಸಿದ, ಆಮೇಲೆ ಒಬ್ಬ ವಕೀಲನ ಕಚೇರಿಯಲ್ಲಿ ಗುಮಾಸ್ತನ ಕೆಲಸಕ್ಕೆ ಹಾಕಿದ. ಹುಡುಗನ ಕೈ ಕಾಗದದ ಮೇಲಿತ್ತು, ಕಣ್ಣು ಮಾತ್ರ ಕಚೇರಿಯಲ್ಲಿದ್ದ ಹಕ್ಕಿಗಳ ಪಂಜರದ ಮೇಲಿತ್ತು. ಹಕ್ಕಿ ತಾನೇ ನೀರು, ಕಾಳು ಎಳೆದುಕೊಳ್ಳುವಂಥ ಪುಟ್ಟ ಯಂತ್ರಗಳನ್ನು ಪಂಜರಕ್ಕೆ ಕೂರಿಸತೊಡಗಿದ. ವಕೀಲ ಒಳ್ಳೆಯವನು, ಇವನು ಕಾನೂನಿಗೆ ಹುಟ್ಟಿದವನಲ್ಲ ಅಂತ ಅಪ್ಪನಿಗೆ ಹೇಳಿ ಒಪ್ಪಿಸಿದ. ಅಲ್ಲಿಗೆ ರಾಬರ್ಟ್ ಸಂಬಂಧಿಕನೊಬ್ಬನ ಗಡಿಯಾರದ ಅಂಗಡಿಯಲ್ಲಿ ಶಿಷ್ಯನಾಗಿ ಸೇರಿಕೊಂಡ. ಮನೆಯವರ ಮಾತಿಗೆ ಬ್ರಾಂಚ್ ತಗೊಂಡು ಎರಡನೇ ಸೆಮಿಸ್ಟರ್‌ನಲ್ಲಿ ಕಿಟಕಿ ನೋಡ್ತಾ ಕೂತಿರೋರಿಗೆ ಈ ಭಾಗ ಹೊಸದೇನೂ ಅನ್ನಿಸಲಿಕ್ಕಿಲ್ಲ.

ಕಸುಬು ಚೆನ್ನಾಗಿ ಕಲೀಬೇಕು ಅಂತ ಫರ್ಡಿನಾಂಡ್ ಬರ್ತೂ ಎಂಬ ಹೆಸರಾಂತ ಗಡಿಯಾರ ತಜ್ಞನ ಗ್ರಂಥವನ್ನು ಪುಸ್ತಕದಂಗಡಿಯಲ್ಲಿ ಕೇಳಿದ. ಅಂಗಡಿಯವನು ಎರಡು ಸಂಪುಟ ಕಟ್ಟಿಕೊಟ್ಟ. ಮನೆಗೆ ಬಂದು ಬಿಚ್ಚಿದರೆ ಒಳಗಿದ್ದದ್ದು ಗಡಿಯಾರವಲ್ಲ, ವಿಜ್ಞಾನದ ವಿನೋದಗಳನ್ನು ಕುರಿತ ವಿಶ್ವಕೋಶದ ಎರಡು ಸಂಪುಟ. ಇಸ್ಪೀಟ್ ಎಲೆಗಳ ಆಟ ಮಾಡುವುದು ಹೇಗೆ, ಎದುರಿನವರ ಮನಸ್ಸಿನಲ್ಲಿರೋದನ್ನು ಹೇಳೋದು ಹೇಗೆ, ಪಾರಿವಾಳದ ತಲೆ ಕತ್ತರಿಸಿ ಮತ್ತೆ ಬದುಕಿಸೋದು ಹೇಗೆ... ಎಲ್ಲಾ ಅಂಥವೇ. ವಾಪಸ್ ಕೊಡುವ ಯೋಚನೆಯನ್ನು ಪಕ್ಕಕ್ಕಿಟ್ಟು ರಾತ್ರಿ ದೀಪ ಆರುವವರೆಗೆ ಓದಿದ. ಇದಕ್ಕೆಲ್ಲ ಸಾಕ್ಷಿ ಅವನೇ ಮುಂದೆ ಬರೆದ ಆತ್ಮಕಥೆ. ಅದನ್ನು ಎಷ್ಟು ನಂಬಬೇಕು ಅನ್ನೋದಕ್ಕೆ ಸ್ವಲ್ಪ ಹೊತ್ತಿನಲ್ಲೇ ಬರೋಣ.

ನನ್ನ ದೃಷ್ಟಿಯಲ್ಲಿ ಕಥೆಯ ಮುಖ್ಯ ಭಾಗ ಶುರುವಾಗೋದು ಮರುದಿನ ಬೆಳಗ್ಗೆ. ಗುಟ್ಟುಗಳೆಲ್ಲ ತಿಳಿದುಹೋಗಿವೆ. ಎಲೆ ಎಲ್ಲಿ ಅಡಗುತ್ತೆ, ಯಾವ ಎಲೆ ಯಾವುದರ ಜಾಗಕ್ಕೆ ಬರುತ್ತೆ, ಎಲ್ಲಾ ಗೊತ್ತು. ಪ್ಯಾಕ್ ಕೈಗೆತ್ತಿಕೊಂಡರೆ ಮಾತ್ರ ಒಂದೂ ಆಗಲ್ಲ! ಎಲೆಯನ್ನು ಅಂಗೈಯಲ್ಲಿ ಮರೆಮಾಡಬೇಕು ಅಂತ ಪುಸ್ತಕ ಹೇಳಿತ್ತು. ಹೆಬ್ಬೆರಳು ಎಲ್ಲಿರಬೇಕು, ಕಿರುಬೆರಳು ಏನು ಮಾಡಬೇಕು, ಆ ಹೊತ್ತಿಗೆ ನೋಡುಗರ ಕಣ್ಣು ಎಲ್ಲಿರಬೇಕು, ಇದ್ಯಾವುದನ್ನೂ ಹೇಳಿರಲಿಲ್ಲ. ನಾವು ಯೂಟ್ಯೂಬ್‌ನಲ್ಲಿ ಎರಡು ನಿಮಿಷದ ವಿಡಿಯೊದಲ್ಲಿ ಗುಟ್ಟು ತಿಳ್ಕೊಂಡು, ಸಂಜೆ ಮೆಸ್ಸಿನಲ್ಲಿ ತೋರಿಸೋಕೆ ಹೋಗಿ ಎಲೆಗಳನ್ನೆಲ್ಲ ಸಾಂಬಾರಿನ ಪಕ್ಕ ಚೆಲ್ಲುತ್ತೀವಲ್ಲ, ಅದೇ ಅವಸ್ಥೆ. ಅಲ್ಲಿಗೇ ಬಿಟ್ಟುಬಿಡೋರು ಬಹಳ ಜನ.

ರಾಬರ್ಟ್ ಬಿಡಲಿಲ್ಲ. ಪುಸ್ತಕ ಕೊಡದೇ ಇದ್ದದ್ದನ್ನು ಬೇರೆ ಕಡೆ ಹುಡುಕಿದ. ಬ್ಲ್ವಾದಲ್ಲಿ ಮಾವೂಸ್ ಅಂತ ಒಬ್ಬನಿದ್ದ. ಹೊಟ್ಟೆಪಾಡಿಗೆ ಜನರ ಕಾಲಿನ ಆಣಿ ತೆಗೆಯುವ ಕೆಲಸ, ಜೊತೆಗೆ ಚೆಂಡುಗಳನ್ನು ಗಾಳಿಯಲ್ಲಿ ಆಡಿಸುವ ವಿದ್ಯೆ. ಅವನಿಗೆ ಹತ್ತು ಫ್ರಾಂಕ್ ಕೊಟ್ಟು ಪಾಠ ಹೇಳಿಸಿಕೊಂಡ. ಒಂದು ತಿಂಗಳೊಳಗೆ ಗುರುವಿನ ವಿದ್ಯೆಯೆಲ್ಲ ಕೈಗೆ ಬಂತು. ಆಮೇಲೆ ನಾಲ್ಕು ಚೆಂಡು ಗಾಳಿಯಲ್ಲಿ ಓಡುತ್ತಿರುವಾಗಲೇ ಎದುರಿಗಿಟ್ಟ ಪುಸ್ತಕ ಓದುವ ಅಭ್ಯಾಸ ಮಾಡಿಕೊಂಡ. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿರಬೇಕು, ಕಣ್ಣು ಮತ್ತು ಮಾತು ಬೇರೆ ಕಡೆ ಇರಬೇಕು. ಎಲೆಗಳ ಜಾದೂವಿಗೆ ಬೇಕಾದ್ದೂ ಇದೇ ತಾನೆ? ಎರಡು ಕಡೆಯೂ ಜೇಬಿರುವ ಕೋಟು ಹಾಕಿಕೊಂಡು, ಬೀದಿಯಲ್ಲಿ ನಡೆಯುವಾಗಲೂ ಜೇಬಿನೊಳಗೆ ಬೆರಳುಗಳಿಗೆ ಕಸರತ್ತು ಮಾಡಿಸುತ್ತಿದ್ದ. ನಾವು ಬಸ್ಸಿಗೆ ಕಾಯುವಾಗ ಫೋನ್ ತಿಕ್ಕೋ ಹೊತ್ತನ್ನೆಲ್ಲ ಅವನು ಬೆರಳಿಗೆ ಕೊಟ್ಟ.

ಈಗ ಆ ನಂಬಿಕೆಯ ವಿಷಯ. ಆತ್ಮಕಥೆಯಲ್ಲಿ ಟೊರಿನಿ ಎಂಬ ಊರೂರು ಅಲೆಯುವ ಜಾದೂಗಾರ ಬರುತ್ತಾನೆ. ವಿಷಾಹಾರದಿಂದ ದಾರಿಯಲ್ಲಿ ಬಿದ್ದಿದ್ದ ರಾಬರ್ಟ್‌ನನ್ನು ತನ್ನ ಗಾಡಿಗೆ ಹಾಕಿಕೊಂಡು ಬದುಕಿಸಿ, ಎಲೆಗಳ ವಿದ್ಯೆಯನ್ನೆಲ್ಲ ಕಲಿಸುತ್ತಾನೆ. ಓದೋಕೆ ಸಿನಿಮಾ ಥರ ಇದೆ. ಆದರೆ ಇಂಥ ಒಬ್ಬ ಮನುಷ್ಯ ಇದ್ದ ಅನ್ನೋದಕ್ಕೆ ಬೇರೆಲ್ಲೂ ಗುರುತು ಸಿಕ್ಕಿಲ್ಲ, ಹಾಗಾಗಿ ಇದು ಕಟ್ಟುಕಥೆ ಅಂತಲೇ ಇವತ್ತಿನ ಬಹುತೇಕ ಸಂಶೋಧಕರ ಅಭಿಪ್ರಾಯ. ನನಗೂ ಹಾಗೇ ಅನಿಸುತ್ತೆ. ಒಳ್ಳೆ ಪುಸ್ತಕವಿಲ್ಲದೆ ಒದ್ದಾಡಿದವನು ಒಬ್ಬ ಒಳ್ಳೆ ಗುರುವನ್ನು ಕಲ್ಪಿಸಿಕೊಂಡಿರಬಹುದು.

1830ರಲ್ಲಿ ಪ್ಯಾರಿಸ್ಸಿನ ಗಡಿಯಾರ ತಯಾರಕ ಹೂಡಿನ್ ಎಂಬವರ ಮಗಳನ್ನು ಮದುವೆಯಾಗಿ, ಮಾವನ ಹೆಸರನ್ನೂ ತನ್ನ ಹೆಸರಿಗೆ ಸೇರಿಸಿಕೊಂಡ. ಹಗಲು ಮಾವನ ಕಾರ್ಖಾನೆ, ಬಿಡುವಾದಾಗ ರೂಜೋಲ್ ಎಂಬವನ ಜಾದೂ ಸಾಮಾನಿನ ಅಂಗಡಿ. ಪ್ಯಾರಿಸ್ಸಿನ ಜಾದೂಗಾರರೆಲ್ಲ ಅಲ್ಲಿ ಸೇರುತ್ತಿದ್ದರು, ಪುಸ್ತಕದಲ್ಲಿ ಇಲ್ಲದ್ದು ಅಲ್ಲಿ ಮಾತಿನಲ್ಲಿ ಸಿಗುತ್ತಿತ್ತು. ಬರೆಯುವ, ಚಿತ್ರ ಬಿಡಿಸುವ ಯಂತ್ರಮಾನವನನ್ನು ಮಾಡಿ 1844ರ ಪ್ಯಾರಿಸ್ ಪ್ರದರ್ಶನದಲ್ಲಿಟ್ಟ. ದೊರೆ ಲೂಯಿ ಫಿಲಿಪ್ ಬಂದು ನೋಡಿದ, ಅಮೆರಿಕದ ಬಾರ್ನಮ್ ಅದನ್ನು ಕೊಂಡುಕೊಂಡ. ಈ ನಡುವೆ 1843ರಲ್ಲಿ ಹೆಂಡತಿ ತೀರಿಕೊಂಡಿದ್ದಳು. ಚಿಕ್ಕ ಮಕ್ಕಳಿದ್ದ ಮನೆ, ಮುಂದೆ ಎರಡನೇ ಮದುವೆಯಾಯಿತು.

1845ರ ಜುಲೈ 3ರಂದು ಪಾಲೇ ರೊಯಾಲ್‌ನಲ್ಲಿ ಸುಮಾರು ಇನ್ನೂರು ಜನ ಕೂರುವ ಸ್ವಂತ ರಂಗಮಂದಿರ ತೆರೆದ. ಆಗ ಅವನಿಗೆ ಮೂವತ್ತೊಂಬತ್ತು. ತಪ್ಪು ಪುಸ್ತಕ ಸಿಕ್ಕಿ ಹತ್ತಿರ ಹತ್ತಿರ ಇಪ್ಪತ್ತು ವರ್ಷ ಆಗಿತ್ತು. ಮೊದಲ ರಾತ್ರಿ ಹೆದರಿಕೆಗೆ ಮಾತು ತಡವರಿಸಿತು, ಆಟ ಕೆಟ್ಟಿತು. ಮರುದಿನ ಬಾಗಿಲು ಹಾಕಿಬಿಡೋಣ ಅಂತಲೇ ನಿರ್ಧರಿಸಿದ್ದ. ಗೆಳೆಯನೊಬ್ಬ ಬಂದು ಹೌದು, ಮುಚ್ಚೋದೇ ಸರಿ ಅಂತ ತಲೆಯಾಡಿಸಿದ. ಅದನ್ನು ಕೇಳಿ ಸಿಟ್ಟು ಬಂದು ಮತ್ತೆ ರಂಗಕ್ಕೆ ಹೋದ! ನಿಧಾನಕ್ಕೆ ಜನ ಬಂದರು. ಆ ಕಾಲದ ಅನೇಕ ಜಾದೂಗಾರರ ಉದ್ದನೆ ನಿಲುವಂಗಿ, ರಾಶಿ ಸಾಮಾನು ಬಿಟ್ಟು, ನೋಡೋಕೆ ಬಂದ ಗೃಹಸ್ಥರ ಹಾಗೇ ಸಂಜೆಯ ಉಡುಪಿನಲ್ಲಿ ನಿಂತ.

ನಮ್ಮ ಕಾಲೇಜಿನವರಿಗೆ ಅವನ ಪೆಟ್ಟಿಗೆಯ ಆಟ ಇಷ್ಟವಾಗುತ್ತೆ. ಮಗುವೂ ಎತ್ತಬಲ್ಲ ಹಗುರ ಪೆಟ್ಟಿಗೆ, ಅವನು ಹೇಳಿದ ಕೂಡಲೇ ಪೈಲ್ವಾನನಿಗೂ ಅಲ್ಲಾಡಲ್ಲ. ಪೆಟ್ಟಿಗೆಯ ತಳದಲ್ಲಿ ಕಬ್ಬಿಣದ ತಗಡು, ರಂಗದ ಕೆಳಗೆ ವಿದ್ಯುತ್ಕಾಂತ. ವಿದ್ಯುತ್ತಿನ ಬಗ್ಗೆ ಜನರಿಗೆ ಅಷ್ಟಾಗಿ ಗೊತ್ತಿರದ ಕಾಲ. 1856ರಲ್ಲಿ ಫ್ರೆಂಚ್ ಸರ್ಕಾರ ಇದೇ ಪೆಟ್ಟಿಗೆಯ ಜೊತೆ ಅವನನ್ನು ಅಲ್ಜೀರಿಯಾಕ್ಕೆ ಕಳಿಸಿತು. ಅಲ್ಲಿನ ಜನ ನಂಬಿದ್ದ ಮರಾಬೂತ್‌ಗಳಿಗಿಂತ ಫ್ರೆಂಚರ ಶಕ್ತಿ ದೊಡ್ಡದು ಅಂತ ತೋರಿಸೋದು ಉದ್ದೇಶ. ಅವನಿಗೆ ಅದು ಹೆಮ್ಮೆಯ ಕೆಲಸ. ಆಳಿಸಿಕೊಂಡ ನಾಡಿನವರಾದ ನಮಗೆ ಅದನ್ನು ಓದುವಾಗ ಚಪ್ಪಾಳೆ ತಟ್ಟೋಕೆ ಕೈ ಬರಲ್ಲ.

ಅಷ್ಟು ಹೊತ್ತಿಗಾಗಲೇ ರಂಗದಿಂದ ನಿವೃತ್ತನಾಗಿ ಬ್ಲ್ವಾ ಹತ್ತಿರದ ಸೇಂಟ್ ಜರ್ವೇಯ ಮನೆಗೆ ಬಂದಿದ್ದ. ಗೇಟು ತಾನೇ ತೆರೆಯೋದು, ಗಂಟೆ ಬಾರಿಸೋದು, ಹೊತ್ತಿಗೆ ಸರಿಯಾಗಿ ಕುದುರೆಗೆ ಮೇವು ಬೀಳೋದು, ಎಲ್ಲಾ ವಿದ್ಯುತ್ತಿನಿಂದ. ಆ ಮನೆಯಲ್ಲಿ ಕೂತು ಬರೆಯತೊಡಗಿದ. ಆತ್ಮಕಥೆಯ ನಂತರ, 1861ರಲ್ಲಿ ಇಸ್ಪೀಟಿನ ಮೋಸಗಾರರು ಜೂಜಿನ ಮೇಜಿನಲ್ಲಿ ಏನೇನು ಮಾಡುತ್ತಾರೆ ಅಂತ ಬಯಲು ಮಾಡುವ ಪುಸ್ತಕ. 1868ರಲ್ಲಿ ಬಂದದ್ದು ಜಾದೂ ಕಲಿಯುವವರಿಗಾಗಿಯೇ ಬರೆದದ್ದು, ಇಸ್ಪೀಟ್ ಎಲೆ, ನಾಣ್ಯ, ಬಟ್ಟಲು ಮತ್ತು ಚೆಂಡು ಇವೆಲ್ಲ ಅದರಲ್ಲಿವೆ. ತನಗೆ ಆ ಮೊದಲ ಎರಡು ಸಂಪುಟ ಹೇಳದೇ ಹೋದದ್ದನ್ನೆಲ್ಲ ಇಲ್ಲಿ ಹೇಳಿದ. ಕಟ್ಟಿನ ಮೇಲಿನ ಭಾಗ, ಕೆಳಗಿನ ಭಾಗ ಯಾರಿಗೂ ಕಾಣದಂತೆ ಅದಲುಬದಲಾಗೋದು, ಎಲೆಯನ್ನು ಅಂಗೈಯಲ್ಲಿ ಅಡಗಿಸೋದು, ನಮಗೆ ಬೇಕಾದ ಎಲೆಯನ್ನೇ ಎದುರಿನವರು ತಾವೇ ಆರಿಸಿದೆವು ಅಂದುಕೊಳ್ಳುವ ಹಾಗೆ ಕೊಡೋದು. ಪ್ರತಿಯೊಂದಕ್ಕೂ ಬೆರಳು ಎಲ್ಲಿ, ಯಾವ ಹಂತದಲ್ಲಿ ಏನು ಅಂತ ವಿವರ. ಆಮೇಲಷ್ಟೇ ಆಟಗಳು. ಹೀಗಾಗಿ ಇದನ್ನು ಓದಿದವನಿಗೆ ಮರುದಿನ ಬೆಳಗ್ಗೆ ಪ್ಯಾಕ್ ಹಿಡಿದಾಗ ಮಾಡೋಕೆ ಒಂದು ಕೆಲಸ ಇರುತ್ತೆ. 1878ರಲ್ಲಿ ಪ್ರೊಫೆಸರ್ ಹಾಫ್‌ಮನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಇಂಗ್ಲಿಷ್ ವಕೀಲನೊಬ್ಬ ಅದನ್ನು ಇಂಗ್ಲಿಷಿಗೆ ತಂದ.

ಹಾಗಂತ ಇವತ್ತು ನೀವು ಈ ಹಳೇ ಪುಸ್ತಕದಿಂದಲೇ ಶುರು ಮಾಡಿ ಅಂತ ನಾನು ಹೇಳಲ್ಲ, ಭಾಷೆ ಭಾರ. ಅದೇ ಕ್ರಮವನ್ನು ಇನ್ನೂ ಸಲೀಸಾಗಿ ಕಲಿಸೋದು ಹ್ಯುಗಾರ್ಡ್ ಮತ್ತು ಬ್ರೌ ಬರೆದ 'ದಿ ರಾಯಲ್ ರೋಡ್ ಟು ಕಾರ್ಡ್ ಮ್ಯಾಜಿಕ್'. ಮೊದಲ ಅಧ್ಯಾಯವೇ ನಾವೆಲ್ಲ ರಮ್ಮಿಗೆ ಎಲೆ ಕಲಸುವ ಸಾಮಾನ್ಯ ರೀತಿ. ಆ ಕಲಸುವಿಕೆಯಲ್ಲೇ ಒಂದು ಎಲೆಯನ್ನು ಕೈಬಿಡದೆ ಇಟ್ಟುಕೊಳ್ಳೋದು ಕಲಿಸಿ, ಕೂಡಲೇ ಅಷ್ಟನ್ನೇ ಬಳಸಿ ಮಾಡುವ ಆಟಗಳನ್ನು ಕೊಡುತ್ತೆ. ಒಂದು ವಾರದಲ್ಲಿ ರೂಮ್‌ಮೇಟ್‌ಗೆ ತೋರಿಸೋಕೆ ಏನೋ ಒಂದು ಸಿಗುತ್ತೆ. ದುಡ್ಡಿದ್ದರೆ, ಚಿತ್ರ ಹೆಚ್ಚು ಬೇಕಿದ್ದರೆ ಸ್ವಿಟ್ಜರ್ಲೆಂಡಿನ ರೊಬೆರ್ಟೊ ಜೋಬ್ಬಿಯವರ 'ಕಾರ್ಡ್ ಕಾಲೇಜ್', ಐದು ಸಂಪುಟ, ಆದರೆ ಒಂದನೆಯದನ್ನು ಮಾತ್ರ ತಗೊಳ್ಳಿ. 1902ರ ಅರ್ಡ್ನೇಸ್ ಪುಸ್ತಕದ ಹೆಸರು ಎಲ್ಲರೂ ಹೇಳ್ತಾರೆ, ಉಚಿತವಾಗಿಯೂ ಸಿಗುತ್ತೆ. ಬರೆದವನು ಯಾರು ಅಂತ ಇವತ್ತಿಗೂ ಇತ್ಯರ್ಥವಾಗಿಲ್ಲ, ಅದೊಂದು ಮಜಾ. ಆದರೆ ಬಹುಭಾಗ ಜೂಜಿನ ಮೇಜಿನ ಕೈಚಳಕ, ಹೊಸಬರಿಗೆ ಕಲ್ಲು ಕಡಲೆ. ಮೂರನೆಯದೋ ನಾಲ್ಕನೆಯದೋ ಪುಸ್ತಕವಾಗಿ ಓದಿ. ಅಂಗಡಿಯಲ್ಲಿ ಕೈಗೆ ಸಿಕ್ಕಿದ ಯಾವುದೇ ಪುಸ್ತಕವನ್ನಾದರೂ ನಡುವೆ ಒಂದು ಪುಟ ತೆರೆದು ನೋಡಿ. ಬೆರಳುಗಳ ಬಗ್ಗೆ ಒಂದು ಮಾತೂ ಇಲ್ಲದಿದ್ದರೆ ಅದು ಬ್ಲ್ವಾದ ಅಂಗಡಿಯವನು ಕಟ್ಟಿಕೊಟ್ಟ ಥರದ್ದೇ.

1870ರಲ್ಲಿ ಪ್ರಷ್ಯದ ಜೊತೆ ಯುದ್ಧ ಬಂತು. ಸೈನ್ಯದಲ್ಲಿದ್ದ ಮಗ ಯೂಜೀನ್ ಆಗಸ್ಟಿನ ಕದನದಲ್ಲಿ ಗಾಯಗೊಂಡು ತೀರಿಕೊಂಡ. ಆ ಏಟಿನಿಂದ ರಾಬರ್ಟ್-ಹೂಡಿನ್ ಚೇತರಿಸಿಕೊಳ್ಳಲಿಲ್ಲ. 1871ರ ಜೂನ್ 13ರಂದು ನ್ಯುಮೋನಿಯಾದಿಂದ ಸತ್ತ, ಅರವತ್ತೈದು ವರ್ಷ. ಅವನ ಹೆಸರಿನ ರಂಗಮಂದಿರವನ್ನು 1888ರಲ್ಲಿ ಜಾರ್ಜ್ ಮೆಲಿಯೇಸ್ ಎಂಬ ಜಾದೂಗಾರ ಕೊಂಡ. ಎಂಟು ವರ್ಷದ ನಂತರ ಅವನು ಅಲ್ಲಿ ಸಿನಿಮಾ ತೋರಿಸತೊಡಗಿದ.